ಕಾವಲಿನ ಸೀಮೆಯಿಂದ ಸನ್ನಿ ಸೈಡಿಗೆ

ಯುದ್ಧದ ಗುರುತು ಹುಡುಕಿಕೊಂಡು ನಮ್ಮ ನಿಟ್ಟೂರು ಸೀಮೆಯವರು ದೂರ ಹೋಗಬೇಕಾಗಿಲ್ಲ. ಗುಬ್ಬಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಕೆರೆ ಏರಿಯ ಮೇಲೋ, ಆಂಜನೇಯನ ಗುಡಿಯ ಮಗ್ಗುಲಲ್ಲೋ, ಹೊಂಗೆಮರದ ಬುಡದಲ್ಲೋ ವೀರಗಲ್ಲು ನಿಂತಿರುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕತ್ತಿ ಹಿಡಿದು ಕಾದುತ್ತಿರುವವನು, ನಡುವಿನದರಲ್ಲಿ ಅಪ್ಸರೆಯರ ತೋಳಿಗೆ ತೋಳು ಕೊಟ್ಟು ಮೇಲಕ್ಕೆ ಹೊರಟವನು, ತುದಿಯಲ್ಲಿ ಲಿಂಗದ ಮುಂದೆ ಕೂತವನು, ಮೂವರೂ ಒಬ್ಬನೇ. ಕೆಲವು ಕಡೆ ಅದರ ಪಕ್ಕದಲ್ಲೇ ಮಾಸ್ತಿಕಲ್ಲು. ಕಂಬದಿಂದ ಹೊರಟ ಒಂದು ತೋಳು, ಮೇಲೆತ್ತಿದ ಅಂಗೈ, ಕೈತುಂಬ ಬಳೆ, ಬೆರಳ ಸಂದಿಯಲ್ಲಿ ನಿಂಬೆಹಣ್ಣು. ವೀರಗಲ್ಲಿನ ಮುಂದೆ ಎಷ್ಟು ಹೊತ್ತಾದರೂ ನಿಲ್ಲಬಲ್ಲೆ, ಈ ಕಲ್ಲಿನ ಮುಂದೆ ನಿಲ್ಲುವುದು ನನಗೆ ಕಷ್ಟ. ಗಂಡ ಯುದ್ಧಕ್ಕೆ ಹೋದ, ಸತ್ತ. ಊರಲ್ಲಿದ್ದವಳ ಜೀವವೂ ಹೋಯಿತು. ಆಮೇಲೆ ಬಂದವರು ಆ ಕೈಗೆ ಅರಿಸಿನ ಕುಂಕುಮ ಹಚ್ಚಿದರು.

ಅಕ್ಷರವಿರುವ ವೀರಗಲ್ಲುಗಳಲ್ಲಿ ಇನ್ನೊಂದು ಸಂಗತಿ ಇರುತ್ತದೆ. ಸತ್ತವನ ಮನೆಯವರಿಗೆ ಎಷ್ಟು ಭೂಮಿ ಬಿಟ್ಟರು ಎಂಬುದನ್ನು ಕಲ್ಲಿನಲ್ಲೇ ಕೊರೆಸಿಬಿಡುತ್ತಿದ್ದರು. ನೆತ್ತರುಗೊಡಗೆ ಎಂದು ಅದಕ್ಕೆ ಹೆಸರು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಬೇಗೂರಿನ ಪ್ರಸಿದ್ಧ ಕಲ್ಲಿನಲ್ಲಿ, ಗಂಗರ ಎರೆಯಪ್ಪನ ಕಾಲದಲ್ಲಿ ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರ ಬಿದ್ದ ಮೇಲೆ ಇರುಗನಿಗೆ ಬೆಂಪೂರು ಹನ್ನೆರಡನ್ನು ಕೊಟ್ಟ ವಿವರವಿದೆ. ಯುದ್ಧ ಮುಗಿದ ಮೇಲೆ ಮನೆಯೊಂದು ಉಳಿದಿರುತ್ತದೆ, ಅಲ್ಲಿ ಒಲೆ ಹತ್ತಬೇಕು ಎಂಬುದು ಆ ಕಲ್ಲು ಕೊರೆಸಿದವರಿಗೆ ಗೊತ್ತಿತ್ತು.

ಕಲ್ಲಾಗದೆ ಉಳಿದ ಗುರುತುಗಳೂ ಇವೆ. ನಮ್ಮ ಜಿಲ್ಲೆಯ ಅಮೃತಮಹಲ್ ಕಾವಲುಗಳು ಸೈನ್ಯದ ಎತ್ತುಗಳು ಮೇಯುತ್ತಿದ್ದ ನೆಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯಾಗಿದ್ದುದು ಹೈದರನ ಕಾಲಕ್ಕೆ ಫಿರಂಗಿ ಎಳೆಯುವ ಎತ್ತುಗಳ ದೊಡ್ಡ ಪಡೆಯಾಯಿತು, ಅಮೃತಮಹಲ್ ಎಂಬ ಹೆಸರು ಟಿಪ್ಪು ಇಟ್ಟದ್ದು. 1799ರ ನಂತರ ಆ ಎತ್ತುಗಳು ಕಂಪನಿಯ ಕೈಗೆ ಹೋದವು, ವೆಲ್ಲೆಸ್ಲಿ ಅವುಗಳನ್ನು ಕಟ್ಟಿಕೊಂಡೇ ದಖ್ಖನ್ನಿನ ಯುದ್ಧ ಮಾಡಿದ. ನಮ್ಮ ಹುಲ್ಲು ತಿಂದು ಬೆಳೆದ ಹೋರಿಗಳು ಯಾರದೋ ಊರಿನ ಮೇಲೆ ಗುಂಡು ಹಾರಿಸುವ ಫಿರಂಗಿ ಎಳೆದವು. ಯಾರದೋ ಊರೇಕೆ, ನಮ್ಮವೂ ಉಳಿಯಲಿಲ್ಲ. 1791ರಲ್ಲಿ ಪರಶುರಾಮ ಭಾವೂನ ಮರಾಠ ಸೈನ್ಯ ಈ ದಾರಿಯಲ್ಲಿ ಬಂದು ಚಿಕ್ಕನಾಯಕನಹಳ್ಳಿಯನ್ನು ಸೂರೆ ಮಾಡಿತು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಗುಬ್ಬಿಯ ಸಂತೆಯ ಅಡಿಕೆ, ಕೊಬ್ಬರಿ, ಬಟ್ಟೆಯ ವ್ಯಾಪಾರವನ್ನು ಬರೆಯುವಾಗ ಸಂತೋಷಪಟ್ಟವನಂತೆ ಕಾಣುತ್ತಾನೆ. ಆದರೆ ಅವನ ಪುಸ್ತಕದಲ್ಲಿ ಪುಟ ತಿರುವಿದಂತೆಲ್ಲ ಸೈನ್ಯ ಹಾದುಹೋದ ಮೇಲೆ ಜನವಿಲ್ಲದಾದ ಹಳ್ಳಿಗಳು ಬರುತ್ತಲೇ ಇರುತ್ತವೆ. ಆ ಜನರಿಗೆ ವೀರಗಲ್ಲಿಲ್ಲ. ಯುದ್ಧ ಮಾಡದೆ ಸತ್ತವರಿಗೆ ಯಾರು ಕಲ್ಲು ನೆಡುತ್ತಾರೆ?

ಇವತ್ತು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. 2016ರ ಜನವರಿ 3ರಂದು ಶಂಕುಸ್ಥಾಪನೆ ಆಯಿತು, 2023ರ ಫೆಬ್ರುವರಿ 6ರಂದು ಉದ್ಘಾಟನೆ. 615 ಎಕರೆ. ಎತ್ತು ಮೇಯುತ್ತಿದ್ದ ಕಾವಲಿನ ಸೀಮೆಗೆ ಹೆಲಿಕಾಪ್ಟರ್ ಬಂತು. ನನ್ನ ತಂಗಿಯ ಮಗ, ಎಂಟನೇ ಕ್ಲಾಸಿನವನು, ಒಂದು ದಿನ ಆಕಾಶ ನೋಡುತ್ತಾ ಕೇಳಿದ, ‘ಇದು ಬಾಂಬ್ ಹಾಕುತ್ತಾ?’ ಪಕ್ಕದಲ್ಲಿ ನಮ್ಮ ಮಿಲಿಟರಿ ಮಾವ ಕೂತಿದ್ದರು. ಇಲ್ಲಿ ಮೊದಲು ತಯಾರಾಗಬೇಕಾದದ್ದು ಲಘು ಹೆಲಿಕಾಪ್ಟರ್, ಮೂರು ಟನ್ನಿನದು, ಹಳೆಯ ಚೀತಾ ಚೇತಕ್‌ಗಳ ಜಾಗಕ್ಕೆ ಹೋಗುವಂಥದು, ಹಿಮದ ಮೇಲಿನ ಪೋಸ್ಟಿಗೆ ಅಕ್ಕಿ, ಸೀಮೆಎಣ್ಣೆ, ಔಷಧಿ ತಲುಪಿಸುವುದು, ಕಾಯಿಲೆ ಬಿದ್ದವರನ್ನು, ಗುಂಡು ತಗುಲಿದವರನ್ನು ಕೆಳಗಿಳಿಸುವುದು ಅದರ ಮುಖ್ಯ ಕೆಲಸ ಎಂದು ಅವರು ಸಮಾಧಾನವಾಗಿ ಹೇಳಿದರು. ಹುಡುಗನ ಮುಖ ಸಪ್ಪೆಯಾಯಿತು. ಅವನಿಗೆ ಬಾಂಬೇ ಬೇಕಿತ್ತು. ‘ಇವನನ್ನು ಮಡಿಕೇರಿಗೆ ಕರಕೊಂಡು ಹೋಗೋಣ, ಜನರಲ್ ತಿಮ್ಮಯ್ಯನವರ ಮನೆ ತೋರಿಸೋಣ’ ಎಂದು ಮಾವ ಅಂದದ್ದು ಆಗಲೇ.

ಹೀಗೆ ತುರುವೇಕೆರೆ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ದಾಟಿ ಕುಶಾಲನಗರದ ಮೇಲೆ ಘಟ್ಟ ಹತ್ತಿದೆವು. ತೆಂಗು ಹಿಂದಾಯಿತು, ಹೊಗೆಸೊಪ್ಪಿನ ಬ್ಯಾರನ್ನುಗಳು ಬಂದುಹೋದವು, ಆಮೇಲೆ ಕಾಫಿ.

ಮಡಿಕೇರಿಯ ಸನ್ನಿ ಸೈಡ್ ದೊಡ್ಡ ಅರಮನೆಯಲ್ಲ. ಹೆಂಚಿನ ಮಾಡಿನ ಹಳೆಯ ಕಾಲದ ಮನೆ. ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಎಂಬ ಹುಡುಗ ಬೆಳೆದದ್ದು ಇಲ್ಲಿ. ಮನೆಯಲ್ಲಿ ಅವನು ದುಬ್ಬು. ಬಹುಕಾಲ ಅದು ಸಾರಿಗೆ ಇಲಾಖೆಯ ಕಚೇರಿಯಾಗಿತ್ತು, ಲೈಸೆನ್ಸಿಗೆ ಬಂದವರು ಸಾಲು ನಿಲ್ಲುತ್ತಿದ್ದರು. ಅದನ್ನು ಉಳಿಸಿ ಮ್ಯೂಸಿಯಂ ಮಾಡಬೇಕೆಂದು ಕೊಡಗಿನ ನಿವೃತ್ತ ಸೈನಿಕರು, ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಫೋರಂನವರು ವರ್ಷಗಟ್ಟಲೆ ಓಡಾಡಿದರು. 2021ರ ಫೆಬ್ರುವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ಉದ್ಘಾಟಿಸಿದರು. ನಮ್ಮ ಕಾವಲಿನ ಕಾರ್ಖಾನೆಯ ತಾರೀಖೇ, ಎರಡು ವರ್ಷ ಮುಂಚೆ.

ಅಂಗಳದಲ್ಲಿ ಟ್ಯಾಂಕು, ಯುದ್ಧವಿಮಾನ. ಶಾಲೆಯ ಪ್ರವಾಸದ ಮಕ್ಕಳೆಲ್ಲ ಅಲ್ಲೇ. ನಮ್ಮ ಹುಡುಗನೂ ಮೊದಲು ಅಲ್ಲಿಗೇ ಓಡಿದ, ಫೋಟೋ ತೆಗೆಸಿಕೊಂಡ. ಅದರಲ್ಲಿ ತಪ್ಪೇನೂ ಇಲ್ಲ. ಅಷ್ಟು ದೊಡ್ಡ ಕಬ್ಬಿಣ ಎದುರಿಗೆ ನಿಂತರೆ ಯಾವ ಮಗುವಿಗಾದರೂ ಮುಟ್ಟಬೇಕೆನಿಸುತ್ತದೆ. ಕಾಶ್ಮೀರದ ಯುದ್ಧದಲ್ಲಿ, 1948ರ ನವೆಂಬರ್ 1ರಂದು, ತಿಮ್ಮಯ್ಯ ಜೋಜಿ ಲಾ ಕಣಿವೆಗೆ ಟ್ಯಾಂಕು ಹತ್ತಿಸಿದ ಕಥೆಯನ್ನು ಮಾವ ಅವನಿಗೆ ಚೆನ್ನಾಗಿ ಹೇಳಿದರು. ಹನ್ನೊಂದು ಸಾವಿರ ಅಡಿಗಿಂತ ಎತ್ತರ, ಹಿಮ, ಏಳನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು. ಅಷ್ಟು ಎತ್ತರದಲ್ಲಿ ಟ್ಯಾಂಕು ಬರಬಹುದೆಂದು ಎದುರಾಳಿಗಳು ಕನಸಿನಲ್ಲೂ ಎಣಿಸಿರಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಮೆಹರ್ ಸಿಂಗ್ ಹಾರಿಸಿದ ಡಕೋಟಾದಲ್ಲಿ ಕೂತು ಲೇಹ್‌ನ ಕಚ್ಚಾ ನೆಲದ ಮೇಲೆ ಇಳಿದವರೂ ಇದೇ ತಿಮ್ಮಯ್ಯ. ಹುಡುಗ ಬಾಯಿ ತೆರೆದುಕೊಂಡು ಕೇಳಿದ.

ಒಳಗೆ ಕೋಣೆಯಿಂದ ಕೋಣೆಗೆ ಒಂದು ಜೀವನ. ಬಾಲ್ಯ, ಶಾಲೆ, ಸ್ಯಾಂಡ್‌ಹರ್ಸ್ಟ್, ಮದುವೆ, ಸಮವಸ್ತ್ರ, ಬಂದೂಕು. ಆದರೆ ನನ್ನ ಮನಸ್ಸು ನಿಂತದ್ದು ಈ ಮನೆಯ ಗಂಡುಮಕ್ಕಳ ಸಂಗತಿಯಲ್ಲಿ. ಮೂವರೂ ಸೈನ್ಯಕ್ಕೆ ಹೋದರು. ಹಿರಿಯ ಪೊನ್ನಪ್ಪ ಎರಡನೇ ಮಹಾಯುದ್ಧದಲ್ಲಿ ನೇತಾಜಿಯ ಆಜಾದ್ ಹಿಂದ್ ಫೌಜ್ ಸೇರಿದರು. ತಿಮ್ಮಯ್ಯ ಅದೇ ಯುದ್ಧದಲ್ಲಿ ಬ್ರಿಟಿಷ್ ಭಾರತೀಯ ಸೈನ್ಯದ ಅಧಿಕಾರಿಯಾಗಿ ಬರ್ಮಾದ ಅರಾಕಾನಿನಲ್ಲಿ ಕಾದಿದರು. ಒಂದೇ ಒಲೆಯ ಅನ್ನ ಉಂಡ ಇಬ್ಬರು ಎದುರುಬದುರು ಸೈನ್ಯಗಳಲ್ಲಿ. ಕಿರಿಯ ಸೋಮಯ್ಯ ಸ್ವಾತಂತ್ರ್ಯ ಬಂದ ಬೆನ್ನಿಗೇ ನಡೆದ ಕಾಶ್ಮೀರದ ಯುದ್ಧದಲ್ಲಿ ತೀರಿಕೊಂಡರು. ಈ ಮೂವರ ತಾಯಿ ಚಿತ್ತವ್ವ, ಸೀತಮ್ಮ ಎಂದೂ ಕರೆಯುತ್ತಿದ್ದರು, ಸಮಾಜಸೇವೆಗಾಗಿ ಕೈಸರ್-ಇ-ಹಿಂದ್ ಪದಕ ಪಡೆದ ಹೆಣ್ಣುಮಗಳು. ಮಕ್ಕಳು ಒಬ್ಬರ ವಿರುದ್ಧ ಒಬ್ಬರು ಇದ್ದಾರೆಂಬ ಸುದ್ದಿಯನ್ನು ಆ ತಾಯಿ ಹೇಗೆ ಹೊತ್ತುಕೊಂಡಳು? ಆ ದಿನಗಳಲ್ಲಿ ಅಡುಗೆಮನೆಯಲ್ಲಿ ಏನು ಮಾತಾಡಿದರು, ಏನು ಮಾತಾಡದೆ ಬಿಟ್ಟರು? ನನಗೆ ನೋಡಬೇಕಾಗಿದ್ದದ್ದು ಆ ಕೋಣೆ. ಪದಕಗಳ ಗಾಜಿನ ಪೆಟ್ಟಿಗೆಯಷ್ಟೇ ಜಾಗ ಅದಕ್ಕೂ ಸಲ್ಲಬೇಕು ಎಂದು ನಾನು ಪೂರ್ತಿ ನಂಬಿದ್ದೇನೆ.

ಇನ್ನು ಕೊರಿಯಾ. ತಿಮ್ಮಯ್ಯ ಎಂದರೆ ನಮ್ಮವರಿಗೆ ಜೋಜಿ ಲಾ ನೆನಪಾಗುತ್ತದೆ, 1959ರಲ್ಲಿ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆಗಿನ ಜಟಾಪಟಿ, ರಾಜೀನಾಮೆ ನೆನಪಾಗುತ್ತದೆ. ನನ್ನ ಲೆಕ್ಕದಲ್ಲಿ ಅವರ ದೊಡ್ಡ ಕೆಲಸ ಕೊರಿಯಾದ್ದು. ಆ ಯುದ್ಧಕ್ಕೆ ಭಾರತ ಬಂದೂಕು ಹಿಡಿದ ಪಡೆ ಕಳಿಸಲಿಲ್ಲ. ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ನೇತೃತ್ವದಲ್ಲಿ ಅರವತ್ತನೇ ಪ್ಯಾರಾಚೂಟ್ ಫೀಲ್ಡ್ ಆ್ಯಂಬುಲೆನ್ಸ್ ಎಂಬ ವೈದ್ಯರ ದಳವನ್ನು ಕಳಿಸಿತು. 1953ರ ಜುಲೈ 27ರಂದು ಕದನವಿರಾಮ ಆಯಿತು. ಗುಂಡು ನಿಂತಿತು, ಸಂಕಟ ನಿಲ್ಲಲಿಲ್ಲ. ವಿಶ್ವಸಂಸ್ಥೆಯ ಕಡೆಯವರ ಕೈಲಿ ಸೆರೆಯಾಗಿದ್ದ ಚೀನೀಯರು ಮತ್ತು ಉತ್ತರ ಕೊರಿಯದವರಲ್ಲಿ 22 ಸಾವಿರಕ್ಕೂ ಹೆಚ್ಚು ಮಂದಿ ನಾವು ನಮ್ಮ ದೇಶಕ್ಕೆ ವಾಪಸ್ ಹೋಗುವುದಿಲ್ಲ ಎಂದರು. ಆಚೆ ಕಡೆ ಸೆರೆಯಾಗಿದ್ದವರಲ್ಲೂ 359 ಜನ ಹಾಗೇ ಅಂದರು, ಅವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಮೆರಿಕನ್ನರು. ಇವರೆಲ್ಲರನ್ನು ಕಾಯಬೇಕು, ಒಬ್ಬೊಬ್ಬರ ಮನಸ್ಸನ್ನೂ ಬಲವಂತವಿಲ್ಲದೆ ಕೇಳಬೇಕು. ಭಾರತ, ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ ಸೇರಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯ ಅಧ್ಯಕ್ಷರು. ಕಾವಲು ಪಡೆಯ ಹೊಣೆ ಮೇಜರ್ ಜನರಲ್ ಥೋರಟ್ ಅವರದು. ಎರಡು ಸೈನ್ಯಗಳ ನಡುವಿನ ಬರಡು ನೆಲದಲ್ಲಿ ಭಾರತದ ಶಿಬಿರ ಎದ್ದಿತು, ಹೆಸರು ಹಿಂದ್ ನಗರ.

ಕೈದಿಗಳಿಗೆ ಭಾರತೀಯರ ಮೇಲೂ ಸಿಟ್ಟು, ತಮ್ಮೊಳಗೇ ಒಬ್ಬರ ಮೇಲೊಬ್ಬರಿಗೆ ಭಯ. ಬೇಲಿಯೊಳಗೆ ಯಾರು ಊರಿಗೆ ಹೋಗುತ್ತೇನೆ ಎಂದರೂ ಅವನನ್ನು ಅವನ ಜೊತೆಗಾರರೇ ಬಡಿಯುತ್ತಿದ್ದರು. ಒಮ್ಮೆ ಭಾರತದ ಅಧಿಕಾರಿಯೊಬ್ಬರನ್ನು ಒಳಗೆಳೆದುಕೊಂಡು ಒತ್ತೆ ಇಟ್ಟುಕೊಂಡಾಗ ಥೋರಟ್ ಆಯುಧವಿಲ್ಲದೆ ಬೇಲಿಯೊಳಕ್ಕೆ ನಡೆದುಹೋಗಿ ಮಾತಾಡಿಸಿ ಬಿಡಿಸಿಕೊಂಡು ಬಂದರು. ಕಾವಲುಗಾರರು ಗುಂಡು ಹಾರಿಸಿದ ದಿನಗಳೂ ಇದ್ದವು, ಕೆಲವರು ಸತ್ತರು. ಅದನ್ನೂ ಮರೆಯಬಾರದು. ಆದರೆ ನಾಲ್ಕು ತಿಂಗಳ ಕಾಲ ಅಷ್ಟು ಸಾವಿರ ಹತಾಶ ಜನರನ್ನು ಕಾದು, ಆ ಬೆಂಕಿ ಮತ್ತೆ ಯುದ್ಧವಾಗಿ ಹೊತ್ತಿಕೊಳ್ಳದಂತೆ ನೋಡಿಕೊಂಡದ್ದು ಸಣ್ಣ ಮಾತಲ್ಲ. ಊರಿಗೆ ಮರಳಲು ಒಪ್ಪಿದವರು ಕೆಲವು ನೂರು ಮಂದಿ ಮಾತ್ರ. ಕೊನೆಗೆ ಎರಡೂ ಕಡೆಗೆ ಹೋಗಲೊಲ್ಲದ 88 ಜನ ಭಾರತೀಯ ಪಡೆಯ ಜೊತೆ ಹಡಗು ಹತ್ತಿ 1954ರ ಫೆಬ್ರುವರಿಯಲ್ಲಿ ಮದರಾಸಿಗೆ ಬಂದಿಳಿದರು. ಮುಂದೆ ಹಲವರು ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೋದರು, ಬೆರಳೆಣಿಕೆಯವರು ಇಲ್ಲೇ ಉಳಿದರು. ಅಮ್ಮ ಅಪ್ಪ ಇರುವ ಊರು ಒಂದು ದಿಕ್ಕಿಗೆ, ತಾವು ಇನ್ನೊಂದು ದಿಕ್ಕಿಗೆ.

ಇದನ್ನು ಹುಡುಗನಿಗೆ ಹೇಳಿದಾಗ ಅವನು ಕೇಳಿದ ಪ್ರಶ್ನೆ ಇದು: ‘ಅವರು ಗೆದ್ದವರಾ, ಸೋತವರಾ?’ ಮಾವ ಉತ್ತರ ಕೊಡಲಿಲ್ಲ. ಅವನೇ ಸ್ವಲ್ಪ ಹೊತ್ತು ಯೋಚಿಸಿ ‘ಅವರ ಮನೆಯವರಿಗೆ ಕಾಗದ ಬರೆಯೋಕೆ ಆಗ್ತಿತ್ತಾ?’ ಅಂದ. ಟ್ಯಾಂಕಿನ ಮುಂದೆ ನಿಂತಾಗ ಹುಟ್ಟದ ಪ್ರಶ್ನೆ.

ತಿಮ್ಮಯ್ಯ ಸತ್ತದ್ದೂ ಯುದ್ಧ ಮಾಡುತ್ತಾ ಅಲ್ಲ. ಸೈನ್ಯದಿಂದ ನಿವೃತ್ತರಾದ ಮೇಲೆ ಸೈಪ್ರಸ್ಸಿನಲ್ಲಿ ಗ್ರೀಕರೂ ತುರ್ಕರೂ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದಾಗ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿ 1964ರಲ್ಲಿ ಅಲ್ಲಿಗೆ ಹೋದರು. 1965ರ ಡಿಸೆಂಬರ್ 18ರಂದು ಹೃದಯಾಘಾತವಾಗಿ ಅಲ್ಲೇ ತೀರಿಕೊಂಡರು. ಮರುವರ್ಷ ಆ ಪುಟ್ಟ ದ್ವೀಪ ಮಡಿಕೇರಿಯ ಮಗನ ಮುಖವಿರುವ ಅಂಚೆಚೀಟಿ ತಂದಿತು.

ಹೊರಗೆ ಬಂದು ಊರೊಳಗೆ ನಡೆದರೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಹೆಸರಿನ ವೃತ್ತವಿದೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾದ ಮೇಲೆ ದಾಳಿಗೆ ಹೋದವರು ಮರಳಲಿಲ್ಲ. ತಮ್ಮ ಹಳೆಯ ಮಿಸ್ಟೇರ್ ವಿಮಾನದಲ್ಲಿ, ತಮಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರನ್ನು ಎದುರಿಸಿ ಹೊಡೆದುರುಳಿಸಿದ್ದರು ಎಂಬುದು ಈಚೆಯವರಿಗೆ ಗೊತ್ತೇ ಇರಲಿಲ್ಲ. ಅವರ ದೇಹವನ್ನು ಅಲ್ಲಿನ ಹಳ್ಳಿಯವರು ಮಣ್ಣು ಮಾಡಿದ್ದರಂತೆ. ಇಲ್ಲಿಯ ಮನೆಗೆ ಬಂದ ಸುದ್ದಿ ‘ಕಾಣೆಯಾಗಿದ್ದಾರೆ’ ಎಂಬುದಷ್ಟೇ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಇಪ್ಪತ್ಮೂರು ವರ್ಷದ ಮೇಲೆ. ಸತ್ತ ಸುದ್ದಿ ಬಂದರೆ ಅಳಬಹುದು, ತಿಥಿ ಮಾಡಬಹುದು, ಅಂಥ ಮನೆಗೆ ನಾಲ್ಕು ಜನ ಬಂದು ಕೂರುತ್ತಾರೆ. ಕಾಣೆಯಾದವನ ಮನೆಗೆ ಬಂದವರು ಏನು ಹೇಳಬೇಕು? ಪರದೇಶದ ಹಳ್ಳಿಯವರು ಗುರುತಿಲ್ಲದವನಿಗೆ ಹಿಡಿ ಮಣ್ಣು ಹಾಕಿದರು ಎಂಬುದಷ್ಟೇ ಆ ಕಥೆಯಲ್ಲಿ ನನಗೆ ಸಮಾಧಾನ.

ವಾಪಸ್ ಬರುವಾಗ ಕುಶಾಲನಗರ ದಾಟಿ ಬೈಲುಕುಪ್ಪೆಯಲ್ಲಿ ಚಹಾಕ್ಕೆ ನಿಂತೆವು. 1960ರ ದಶಕದ ಆರಂಭದಲ್ಲಿ, ದೇಶ ಕಳೆದುಕೊಂಡು ಬಂದ ಟಿಬೆಟಿನವರಿಗೆ ಮೈಸೂರು ರಾಜ್ಯ ಕಾಡುನೆಲ ಕೊಟ್ಟು ಕೂರಿಸಿದ ಊರು. ಪಿರಿಯಾಪಟ್ಟಣ ತಾಲ್ಲೂಕಿನ ಕನ್ನಡ ಕಲಿತು, ಜೋಳ ಬೆಳೆದು, ಇಲ್ಲೇ ಹುಟ್ಟಿ ಇಲ್ಲೇ ಮುದುಕರಾದವರಿದ್ದಾರೆ. ಅಂಗಡಿಯ ಅಜ್ಜಿ ನಮ್ಮ ಹುಡುಗನಿಗೆ ‘ಎಲ್ಲಿಂದ ಬಂದ್ರಿ ಮಗಾ’ ಎಂದು ಕೇಳಿದಳು. ‘ನಿಟ್ಟೂರು, ಗುಬ್ಬಿ ಹತ್ರ’ ಅಂದ. ‘ನೀವು?’ ಎಂದು ಅವನು ತಿರುಗಿ ಕೇಳಿದಾಗ ಆಕೆ ‘ಇದೇ ಊರು’ ಅಂದಳು.

ಅಲ್ಲಿಂದ ಮುಂದೆ ಕಾರಿನಲ್ಲಿ ಮಿಲಿಟರಿ ಮಾವ ತಾವಾಗಿ ಮಾತು ತೆಗೆದರು. ಅವರು ಶ್ರೀಲಂಕಾಕ್ಕೆ ಹೋದ ಶಾಂತಿಪಡೆಯಲ್ಲಿದ್ದವರು. 1987ರಲ್ಲಿ ಹೋದ ಆ ಪಡೆ 1990ರ ಮಾರ್ಚಿನಲ್ಲಿ ಪೂರ್ತಿ ವಾಪಸ್ ಬರುವಷ್ಟರಲ್ಲಿ ಭಾರತದ ಸುಮಾರು 1,200 ಸೈನಿಕರು ಸತ್ತಿದ್ದರು. ಮಾವ ಅದನ್ನು ಊರಲ್ಲಿ ಎಂದೂ ಮಾತಾಡಿದ್ದಿಲ್ಲ. ಕಾರ್ಗಿಲ್ ಆದಾಗ ಊರೆಲ್ಲ ಮೆರವಣಿಗೆ ಮಾಡಿತು, ಅವರೂ ಹೋದರು. ತಮ್ಮ ಯುದ್ಧದ ಬಗ್ಗೆ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಈಗ ಹೇಳಿದ್ದೂ ಗುಂಡಿನ ಕಥೆಯಲ್ಲ. ಕಾಗದದ ಕಥೆ. ಮನೆಯಿಂದ ಬರೆಯುವ ಇನ್‌ಲ್ಯಾಂಡ್ ಲೆಟರಿನ ಮೇಲೆ ನಂಬರು, ಹೆಸರು, ಯೂನಿಟ್, ಆಮೇಲೆ ಕೇರ್ ಆಫ್ 56 ಎಪಿಒ, ಅಷ್ಟೇ. ಗಂಡ ಪಂಜಾಬಿನಲ್ಲಿದ್ದರೂ ಅದೇ ವಿಳಾಸ, ಜಾಫ್ನಾದಲ್ಲಿದ್ದರೂ ಅದೇ. ಅತ್ತೆ ಆ ವಿಳಾಸಕ್ಕೆ ಮಗು ಹುಟ್ಟಿದ್ದು ಬರೆದರು, ಮಾವನ ಅಪ್ಪ ಹಾಸಿಗೆ ಹಿಡಿದದ್ದು ಬರೆದರು, ಕೊಬ್ಬರಿ ರೇಟು ಬರೆದರು. ಉತ್ತರದಲ್ಲಿ ‘ಇಲ್ಲಿ ಎಲ್ಲ ಕ್ಷೇಮ’ ಎಂಬುದಕ್ಕಿಂತ ಹೆಚ್ಚು ಬರೆಯುವ ಹಾಗಿರಲಿಲ್ಲ. ಪೋಸ್ಟ್‌ಮ್ಯಾನ್ ಸೈಕಲ್ಲಿನ ಬೆಲ್ಲು ಕೇಳಿದರೆ ಅತ್ತೆ ಬಾಗಿಲಿಗೆ ಬರುತ್ತಿರಲಿಲ್ಲವಂತೆ, ಒಳಕ್ಕೆ ಹೋಗಿಬಿಡುತ್ತಿದ್ದರಂತೆ. ಕಾಗದವೋ ಟೆಲಿಗ್ರಾಮೋ ಎಂದು ಬೇರೆಯವರು ನೋಡಿ ಹೇಳಬೇಕು.

ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ಭಾರೀ ಏಕಶಿಲೆಯ ವೀರಗಲ್ಲು ನಿಲ್ಲಿಸಿದ್ದಾರೆ, ಮಡಿದವರ ಹೆಸರುಗಳನ್ನು ಕೊರೆಸಿದ್ದಾರೆ. ಕಾರವಾರದ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ದೋಣಿಯೇ ಮ್ಯೂಸಿಯಂ ಆಗಿದೆ. ಎಲ್ಲವೂ ಬೇಕು. ಆದರೆ ಒಳಕ್ಕೆ ಹೋಗಿ ನಿಂತ ಆ ಹೆಂಗಸನ್ನು ತೋರಿಸುವ ಮ್ಯೂಸಿಯಂ ನನಗೆ ಎಲ್ಲೂ ಕಾಣಲಿಲ್ಲ. ಅದಕ್ಕೆ ಕೋಟಿಗಟ್ಟಲೆ ಬೇಕಾಗಿಲ್ಲ. ನಿಟ್ಟೂರಿನ ಶಾಲೆಯಲ್ಲಿ ಒಂದು ಕೋಣೆ ಸಾಕು ಎಂದು ಆ ದಾರಿಯಲ್ಲೇ ಮಾವನಿಗೆ ಹೇಳಿದೆ. ಗೋಡೆಗೆ ನಮ್ಮ ಹೋಬಳಿಯ ವೀರಗಲ್ಲು, ಮಾಸ್ತಿಕಲ್ಲುಗಳ ಫೋಟೋ, ಅವು ಎಲ್ಲೆಲ್ಲಿವೆ ಎಂಬ ನಕ್ಷೆ. ಅಮೃತಮಹಲ್ ಹೋರಿಯ ಒಂದು ಚಿತ್ರ. ಸೈನ್ಯದಲ್ಲಿದ್ದವರ ಮನೆಗಳಿಂದ ಬಂದ ಕಾಗದ, ಮನಿಯಾರ್ಡರ್ ರಸೀದಿ, ರಜೆಗೆ ಬಂದಾಗ ಹೊದ್ದು ತಂದ ಕಂಬಳಿ, ಪಿಂಚಣಿ ಪುಸ್ತಕ. ಆ ಮನೆಯ ಹೆಂಗಸರ ಮಾತು, ಅವರದೇ ದನಿಯಲ್ಲಿ ರೆಕಾರ್ಡ್ ಮಾಡಿದ್ದು. ಬಿದರೆಹಳ್ಳ ಕಾವಲಿನ ಕಾರ್ಖಾನೆ ನೋಡಲು ಹೊರಟ ಮಕ್ಕಳನ್ನು ಮೇಷ್ಟ್ರು ಮೊದಲು ಈ ಕೋಣೆಯಲ್ಲಿ ಅರ್ಧ ಗಂಟೆ ಕೂರಿಸಬೇಕು.

ಹುಡುಗ ಆಗಲೇ ಕೆಲಸ ಶುರು ಮಾಡಿದ್ದಾನೆ. ಅವನ ಕ್ಲಾಸಿನವರು ಭಾನುವಾರಗಳಲ್ಲಿ ಸೈಕಲ್ ಹತ್ತಿ ಸುತ್ತಲಿನ ಹಳ್ಳಿಗಳ ಕಲ್ಲುಗಳ ಪಟ್ಟಿ ಬರೆಯುತ್ತಿದ್ದಾರೆ. ಒಂದು ಕಲ್ಲು ಯಾರದೋ ಹಿತ್ತಲಲ್ಲಿ ಬಟ್ಟೆ ಒಗೆಯಲು ಬಳಕೆಯಾಗುತ್ತಿರುವುದನ್ನು ಕಂಡು ಮನೆಯವರ ಜೊತೆ ಮಾತಾಡಿ ನೆಟ್ಟಗೆ ನಿಲ್ಲಿಸಿಯೂ ಬಂದಿದ್ದಾರೆ. ಮಾವ ತಮ್ಮ ಕಪ್ಪು ಟ್ರಂಕನ್ನು ಕೊಡಲು ಒಪ್ಪಿದ್ದಾರೆ, ಬಿಳಿ ಬಣ್ಣದಲ್ಲಿ ನಂಬರು ಬರೆದದ್ದು ಇನ್ನೂ ಮಾಸಿಲ್ಲ. ಕಾಗದಗಳನ್ನು ಕೊಡುವ ವಿಷಯ ಅತ್ತೆಗೆ ಸೇರಿದ್ದು, ಅವರನ್ನು ಕೇಳಿ ಹೇಳುತ್ತೇನೆ ಎಂದಿದ್ದಾರೆ. ಅತ್ತೆ ಇನ್ನೂ ಹೂಂ ಅಂದಿಲ್ಲ.